ನಾಲ್ಕು ದಿನ ಮಳೆಯಿಲ್ಲ

ದಾದರ್

ಜುಲೈ ತಿಂಗಳ ಮಳೆಯ ಅಂಕಿ ರಿಜಿಸ್ಟರಿನ ಅಂಕಣದೊಳಗೆ ಹಿಡಿಸದ ಊರನ್ನು ನಾನು ಪರದೇಶವೆಂದೇ ತಿಳಿಯುತ್ತೇನೆ. ಭೂಪಟ ಬರೆಯುವವರ ಅಭಿಪ್ರಾಯ ಬೇರೆ ಇರಬಹುದು. ಆದರೆ ಅವರು ಯಾರೂ ಮೂವತ್ತೊಂದು ವರ್ಷ ತಾಲ್ಲೂಕು ಕಚೇರಿಯ ಹಿತ್ತಲಿನಲ್ಲಿ ನಿಂತು, ಬೆಳಿಗ್ಗೆ ಎಂಟೂವರೆಗೆ ಸರಿಯಾಗಿ ಮಳೆಮಾಪಕವನ್ನು ತೆರೆದು ಒಳಗೆ ಇಣುಕಿದವರಲ್ಲ. ನಾನು ಇಣುಕಿದ್ದೇನೆ. ಒಳಗೆ ಸಾಮಾನ್ಯವಾಗಿ ಏನೂ ಇರುತ್ತಿರಲಿಲ್ಲ. ಒಮ್ಮೊಮ್ಮೆ ಒಂದು ಜೇಡ ಇರುತ್ತಿತ್ತು. ಎರಡೂ ಸಂದರ್ಭಗಳಲ್ಲಿ ‘ಇಲ್ಲ’ ಎಂದು ಬರೆದು ಸಹಿ ಹಾಕುತ್ತಿದ್ದೆ.

ಚಿತ್ರದುರ್ಗ ಜಿಲ್ಲೆಯ ಒಣ ಮೂಲೆಯಲ್ಲಿರುವ ನಮ್ಮೂರಿನಲ್ಲಿ ಈ ಕಾರಣಕ್ಕೆ ನನಗೆ ಮಳೆ ಗುಮಾಸ್ತರು ಎಂಬ ಹೆಸರು ಬಂತು. ಹೆಸರಿನ ಹಿಂದೆ ಒಂದು ಅಧಿಕಾರವೂ ಬಂತು. ಹಪ್ಪಳ ಒಣಹಾಕುವವರು, ಗೋಡೆಗೆ ಸುಣ್ಣ ಹೊಡೆಸುವವರು, ಮದುವೆಗೆ ಚಪ್ಪರ ಹಾಕಿಸುವವರು ನನ್ನನ್ನು ದಾರಿಯಲ್ಲಿ ನಿಲ್ಲಿಸಿ ಮಳೆ ಬರುತ್ತದೆಯೇ ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ. ಬರುತ್ತಿರಲಿಲ್ಲ. ಇಷ್ಟು ಖಚಿತವಾಗಿ ಭವಿಷ್ಯ ನುಡಿದ ನೌಕರ ಇಡೀ ಜಿಲ್ಲೆಯಲ್ಲಿ ಇನ್ನೊಬ್ಬನಿಲ್ಲ ಎಂದು ನನ್ನ ಬೀಳ್ಕೊಡುಗೆಯ ದಿನ ಯಾರೋ ಭಾಷಣದಲ್ಲಿ ಹೇಳಿದರು. ನಾನು ವಿನಯದಿಂದ ತಲೆ ತಗ್ಗಿಸಿದೆ. ಅಲ್ಲಗಳೆಯಲಿಲ್ಲ.

ನನ್ನ ಜೊತೆಗೆ ನಿವೃತ್ತರಾದವರು ಸಿಂಗಾಪುರ, ದುಬೈಗಳನ್ನು ನೋಡಿ ಬಂದು, ಎತ್ತರದ ಕಟ್ಟಡಗಳ ಮುಂದೆ ತಾವು ಗಿಡ್ಡವಾಗಿ ಕಾಣುವ ಫೋಟೋಗಳನ್ನು ತೋರಿಸಿದರು. ನನಗೆ ನೋಡಬೇಕೆನಿಸಿದ್ದು ಎರಡೇ: ತುಂಬಿದ ಒಂದು ಜೂನ್, ತುಂಬಿದ ಒಂದು ಜುಲೈ. ಹೀಗಾಗಿ ಮೇ ತಿಂಗಳ ಕೊನೆಯ ವಾರ ಒಂದು ಟ್ರಂಕು, ಸ್ವಂತಕ್ಕೆಂದು ಕೊಂಡ ಪ್ಲಾಸ್ಟಿಕ್ ಮಳೆಮಾಪಕ, ಗೆರೆ ಎಳೆದ ನೋಟ್‌ಬುಕ್ಕು ಇವುಗಳೊಂದಿಗೆ ಮುಂಬೈಯ ದಾದರಿನಲ್ಲಿ ಇಳಿದೆ.

ಮಳೆ ಇರಲಿಲ್ಲ. ಆದರೂ ಒದ್ದೆಯಾದೆ. ನಮ್ಮಲ್ಲಿ ಬೆವರು ಹುಟ್ಟಿದ ಕೂಡಲೇ ಆರಿಹೋಗುತ್ತದೆ. ಬೆನ್ನ ಮೇಲೆ ಉಪ್ಪು ಮಾತ್ರ ಉಳಿಯುತ್ತದೆ. ಇಲ್ಲಿ ಅದಕ್ಕೆ ಹೋಗಲು ಜಾಗವೇ ಇಲ್ಲ, ಗಾಳಿ ಮೊದಲೇ ಭರ್ತಿಯಾಗಿರುತ್ತದೆ. ಪ್ಲಾಟ್‌ಫಾರ್ಮಿನಲ್ಲಿ ಪಕ್ಕಕ್ಕೆ ನಿಂತಿದ್ದವನೊಬ್ಬ ನನ್ನ ಕಂಕುಳಲ್ಲಿದ್ದ ಮಾಪಕವನ್ನು ನೋಡಿ ಅದೇನೆಂದು ವಿಚಾರಿಸಿದ. ಮಳೆ ಅಳೆಯುವ ಸಾಧನ ಎಂದು ನನಗೆ ಬಂದಷ್ಟು ಹಿಂದಿಯಲ್ಲಿ ವಿವರಿಸಿದೆ. ಅವನು ಅದನ್ನು ಮೇಲಿನಿಂದ ಕೆಳಗೆ ನೋಡಿ, ಇಷ್ಟು ಚಿಕ್ಕದೇ ಎಂದು ಕೇಳಿ, ಅನುಕಂಪದಿಂದ ತಲೆಯಾಡಿಸಿ ಲೋಕಲ್ ಹತ್ತಿ ಹೋದ.

ಗೋರೆಗಾಂವ್, ನಾಲ್ಕನೇ ಮಹಡಿ

ತಂಗಿ ಗಿರಿಜ ಮದುವೆಯಾಗಿ ಗೋರೆಗಾಂವಿಗೆ ಬಂದು ಮೂವತ್ತನಾಲ್ಕು ವರ್ಷವಾಯಿತು. ಗಂಡ ತೀರಿಕೊಂಡು ಆರು. ಮಗಳು ಅಶ್ವಿನಿ ಆಫೀಸಿಗೆ ಹೋಗುತ್ತಾಳೆ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡುವಾಗ ಮಾತ್ರ ಸ್ಲೋ ಲೋಕಲ್‌ನಂತೆ ಪ್ರತಿ ಪದದಲ್ಲೂ ನಿಂತು ಹೊರಡುತ್ತಾಳೆ.

ಈ ದೇಶದ ಹವೆಯ ಬಗ್ಗೆ ಗಿರಿಜ ಮೊದಲ ದಿನವೇ ನನಗೆ ಪಾಠ ಹೇಳಿದಳು. ನವೆಂಬರಿನಿಂದ ಮೇವರೆಗೆ ಆಕಾಶದಿಂದ ಒಂದು ಹನಿಯ ಆಸೆಯನ್ನೂ ಇಟ್ಟುಕೊಳ್ಳಬಾರದು. ಡಿಸೆಂಬರ್, ಜನವರಿಯ ನಡುವೆ ಒಂದು ವಾರ ಎಲ್ಲರೂ ಸ್ವೆಟರ್ ಹಾಕಿಕೊಳ್ಳುತ್ತಾರೆ, ಚಳಿಗಲ್ಲ, ಸ್ವೆಟರಿಗೆ ಗಾಳಿಯಾಡಲಿ ಎಂದು. ಏಪ್ರಿಲ್ ಮೆಣಸಿನಪುಡಿಯ ತಿಂಗಳು, ಮೇ ಸಂಡಿಗೆ ಹಪ್ಪಳದ್ದು. ಜೂನ್ ಎರಡನೇ ವಾರ ಬರುವ ಮಳೆ ಗಣಪತಿಯನ್ನು ನೀರಿಗೆ ಬಿಟ್ಟು, ಸ್ವಲ್ಪ ದಿನ ಸುಧಾರಿಸಿಕೊಂಡು ಹೋಗುತ್ತದೆ. ಆಮೇಲಿನದು ಅಕ್ಟೋಬರ್ ಹೀಟ್. ಆ ತಿಂಗಳನ್ನು ಇಲ್ಲಿ ಯಾರೂ ಬರಿಯ ಹೆಸರಿನಿಂದ ಕರೆಯುವುದಿಲ್ಲ. ಮೇಲಧಿಕಾರಿಯನ್ನು ಕರೆಯುವಂತೆ ಹುದ್ದೆ ಸೇರಿಸಿಯೇ ಕರೆಯುತ್ತಾರೆ.

ಇದರಲ್ಲಿ ಸಂಡಿಗೆಯ ವಿಷಯ ಬಂದಾಗ ಅವಳ ದನಿ ಬದಲಾಯಿತು. ಫೋರ್ಟಿನಲ್ಲಿ ಕುಂದಾಪುರ ಕಡೆಯ ಶೆಟ್ಟರೊಬ್ಬರ ಉಡುಪಿ ಹೋಟೆಲಿದೆ. ಅಶ್ವಿನಿಯ ಆಫೀಸಿನ ಯಾರದೋ ಡಬ್ಬಿಯಲ್ಲಿದ್ದ ಗಿರಿಜಳ ಅರಳು ಸಂಡಿಗೆಯನ್ನು ಅವರು ಒಮ್ಮೆ ತಿಂದಿದ್ದರು. ಭತ್ತದ ಅರಳಿಗೆ ಬೂದುಗುಂಬಳದ ತುರಿ, ಹಸಿಮೆಣಸು, ಇಂಗು ಕಲಸಿ ಮಾಡುವ ಇದು ನಮ್ಮ ಕಡೆಯ ತಿಂಡಿ. ಕರಾವಳಿಯವರಿಗೆ ಹೊಸದಾಗಿ ಕಂಡಿರಬೇಕು. ಮಳೆಗಾಲದ ನಾಲ್ಕು ತಿಂಗಳು ಊಟದ ತಟ್ಟೆಗೆ ಇದನ್ನು ಹಾಕುತ್ತೇನೆ, ಜೊತೆಗೆ ಬೇರೆ ಮೂರು ಬಗೆಯದನ್ನೂ ಸೇರಿಸಿ ನಾಲ್ಕು ಡಬ್ಬ ಮಾಡಿಕೊಡಿ, ಬಾಗಿಲ ಬಳಿಯ ಕರಿಬೋರ್ಡಿನ ಮೇಲೆ ನಿಮ್ಮ ಹೆಸರು ಬರೆಯುತ್ತೇನೆ ಎಂದು ಶೆಟ್ಟರು ಹೇಳಿ ಕಳಿಸಿದ್ದರು.

ಗಿರಿಜಳ ಸಂಡಿಗೆಯನ್ನು ಬಿಲ್ಡಿಂಗಿನವರೆಲ್ಲ ಮೂವತ್ತನಾಲ್ಕು ವರ್ಷ ತಿಂದಿದ್ದಾರೆ. ಚೆನ್ನಾಗಿದೆ ಎಂದಿದ್ದಾರೆ, ಡಬ್ಬಿ ವಾಪಸು ಕೊಟ್ಟಿದ್ದಾರೆ. ಹೆಸರು ಬರೆಯುತ್ತೇನೆ ಎಂದವರು ಇವರೊಬ್ಬರೇ. ಅಕ್ಕಿ, ಸಬ್ಬಕ್ಕಿ, ಅವಲಕ್ಕಿ ಸಂಡಿಗೆಗಳ ಮೂರು ಡಬ್ಬ ಆಗಲೇ ಮೂಲೆಯಲ್ಲಿ ನಿಂತಿದ್ದವು. ನಾಲ್ಕನೆಯದು, ಅರಳು ಸಂಡಿಗೆ, ಬಾಕಿ. ಮೇ ತಿಂಗಳಲ್ಲಿ ಎರಡು ವಾರ ಜ್ವರ ಬಂದು ಮಲಗಿದ್ದಳು. ಎದ್ದು ಓಡಾಡುವಷ್ಟರಲ್ಲಿ ಜೂನ್ ಮೊದಲ ವಾರ. ಮಾಟುಂಗಾದಿಂದ ಅರಳು ಬಂದಿತ್ತು. ಅಡುಗೆಮನೆಯಲ್ಲಿ ಎರಡು ಬೂದುಗುಂಬಳ ಕಾಯುತ್ತಿದ್ದವು. ಒಣಗಲು ಮೂರು ದಿನ ಬೇಕು, ನಾಲ್ಕಿದ್ದರೆ ನಿಶ್ಚಿಂತೆ.

ಅಶ್ವಿನಿ ಮೊಬೈಲ್ ನೋಡಿ, “ಮಾಮಾ, ಆ್ಯಪ್ ಹೇಳ್ತಾ ಇದೆ... ಕಲ್ ಸೇ ಮಳೆ... ಚಾನ್ಸ್ ಇದೆ” ಎಂದಳು. ಮೊಬೈಲಿಗೆ ಹಿತ್ತಲು ಇದೆಯೇ, ಅದು ಎಂಟೂವರೆಗೆ ಏಳುತ್ತದೆಯೇ ಎಂದು ಕೇಳಿದೆ. ಅವಳು ಉತ್ತರ ಕೊಡುವ ಮೊದಲೇ ಗಿರಿಜ ನನ್ನ ಕಡೆ ತಿರುಗಿದ್ದಳು. ಚಿಕ್ಕಂದಿನಲ್ಲಿ ಅಮ್ಮನ ಸಂಡಿಗೆ ಹಿಟ್ಟಿನ ಪಾತ್ರೆ ಹಿಡಿದು, ಮಾಳಿಗೆಯ ಮೆಟ್ಟಿಲ ಬಳಿ ನಿಂತು ಕೇಳುತ್ತಿದ್ದ ಅದೇ ದನಿಯಲ್ಲಿ ಕೇಳಿದಳು.

“ಅಣ್ಣಾ, ಮಳೆ ಬರುತ್ತಾ?”

“ನಾಲ್ಕು ದಿನ ಮಳೆಯಿಲ್ಲ” ಎಂದೆ.

ಟೆರೇಸ್

ಬೆಳಿಗ್ಗೆ ಟೆರೇಸಿನಲ್ಲಿ ಒಬ್ಬ ಕನ್ನಡಿಗನಿದ್ದ. ಬಾಗಲಕೋಟೆ ಕಡೆಯ ಹನಮಂತ. ಮುಂಬೈಯ ಬಿಲ್ಡಿಂಗುಗಳ ತಲೆಯ ಮೇಲೆ ಹತ್ತಿ, ಬಿರುಕುಗಳಿಗೆ ಡಾಂಬರು ತುಂಬುವುದು ಅವನ ಕಸುಬು. ಹನ್ನೆರಡು ಮಳೆಗಾಲ ಕಂಡವನು. ಡ್ರಮ್ಮಿನಲ್ಲಿ ಡಾಂಬರು ಕಾಯಿಸುತ್ತ ಕೂತಿದ್ದ. ಗಿರಿಜ ಪ್ಲಾಸ್ಟಿಕ್ ಹಾಳೆ ಹಾಸಿ, ನೆಲ್ಲಿಕಾಯಿ ಗಾತ್ರದ ಉಂಡೆಗಳನ್ನು ಸಾಲಾಗಿ ಇಡತೊಡಗಿದಾಗ ಎದ್ದು ಬಂದ.

“ಅಕ್ಕಾರ, ಇವತ್ತ ಹಾಕಬ್ಯಾಡ್ರಿ. ಗಾಳಿ ಹೊಳ್ಳೇತಿ.”

ಯಾವ ಆಧಾರದ ಮೇಲೆ ಹೇಳುತ್ತಿದ್ದೀಯೆ ಎಂದು ನಾನು ವಿಚಾರಿಸಿದೆ. ಅವನು ಡ್ರಮ್ಮಿನ ಹೊಗೆಯನ್ನು ತೋರಿಸಿದ. ನಿನ್ನೆಯ ತನಕ ಅದು ಪೂರ್ವದ ಗುಡ್ಡದ ಕಡೆಗೆ ಹೋಗುತ್ತಿತ್ತಂತೆ, ಈಗ ಗುಡ್ಡದ ಕಡೆಯಿಂದ ನಮ್ಮ ಮುಖಕ್ಕೆ ಬರುತ್ತಿದೆಯಂತೆ. ಮೊದಲ ಮಳೆ ಸಮುದ್ರದಿಂದ ಬರುವುದಿಲ್ಲ, ಬೆನ್ನ ಹಿಂದಿನಿಂದ ಬರುತ್ತದೆ ಎಂಬುದು ಅವನ ವಾದ. ಡಾಂಬರಿನ ಹೊಗೆಯನ್ನು ಯಾವ ಇಲಾಖೆಯೂ ಉಪಕರಣವೆಂದು ಒಪ್ಪಿಲ್ಲ ಎಂದು ತಿಳಿಸಿದೆ.

“ನೀವು ಏನ್ ಕೆಲಸದಾಗ ಇದ್ರಿ, ಯಜಮಾನ್ರ?”

“ಮಳೆಯ ಕೆಲಸದಲ್ಲೇ. ಮೂವತ್ತೊಂದು ವರ್ಷ.”

ಅವನು ನನ್ನನ್ನು ನೋಡಿದ, ಮೂಲೆಯಲ್ಲಿ ನಾನು ಸ್ಥಾಪಿಸಿದ್ದ ಮಾಪಕವನ್ನು ನೋಡಿದ, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿದ. “ಹಂಗಾರ ಆತ್ ಬಿಡ್ರಿ, ಸರಕಾರದಾಗ ಗೊತ್ತಿರತೈತಿ” ಎಂದು ಡ್ರಮ್ಮಿನ ಬಳಿಗೆ ಹೋದ. ನಮ್ಮ ಜನರಿಗೆ ಸರಕಾರದ ಮೇಲಿರುವ ಈ ವಿಶ್ವಾಸವನ್ನು ಕಂಡು ನನಗೆ ತೃಪ್ತಿಯಾಯಿತು.

ಮೊದಲ ದಿನ ಬಿಸಿಲು ಚೆನ್ನಾಗಿ ಕಾಯಿತು. ನಾನು ಹನಮಂತನ ಕಡೆ ನೋಡಿದೆ. ಅವನು ನೋಡಲಿಲ್ಲ. ಎರಡನೇ ದಿನ ಮಧ್ಯಾಹ್ನ ನಾಲ್ಕಕ್ಕೆ ಗುಡ್ಡದ ಹಿಂದಿನಿಂದ ಕಪ್ಪಗೆ ಒಂದು ಗೋಡೆ ಎದ್ದು ಬಂತು. ಗಿರಿಜ ಕೆಳಗೆ ಚಹಾ ಮಾಡುತ್ತಿದ್ದಳು. ನಾನು ಟೆರೇಸಿನಲ್ಲಿಯೇ ಇದ್ದೆ, ಆದರೆ ಮಾಪಕದ ಹತ್ತಿರ ಕುಳಿತು ನೋಟ್‌ಬುಕ್ಕಿಗೆ ಶೀರ್ಷಿಕೆ ಬರೆಯುತ್ತಿದ್ದೆ. ಮೊದಲ ಹನಿ ‘ಜೂನ್’ ಎಂಬ ಪದದ ಮೇಲೆ ಬಿತ್ತು. ಎರಡನೆಯದನ್ನು ಲೆಕ್ಕ ಹಾಕುವಷ್ಟು ವ್ಯವಧಾನ ಅದು ಕೊಡಲಿಲ್ಲ.

ಹನಮಂತ ತನ್ನ ನೀಲಿ ತಾಡಪತ್ರಿ ಎಳೆದುಕೊಂಡು ಓಡಿ ಬಂದು ಸಂಡಿಗೆಯ ಮೇಲೆ ಹೊದಿಸಿದ. ಅದು ಮೇಲಿನಿಂದ ಬಂದ ನೀರನ್ನು ತಡೆಯಿತು. ಟೆರೇಸಿನ ಮೇಲೆ ಹರಿದು ಬಂದದ್ದನ್ನು ತಡೆಯಲಿಲ್ಲ. ಗಿರಿಜ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಎರಡು ಬೂದುಗುಂಬಳ, ಅಷ್ಟೂ ಅರಳು ಗಂಜಿಯಾಗಿ ಕೊಳವೆಯ ಬಾಯಿಯ ಕಡೆಗೆ ಸಾಗುತ್ತಿತ್ತು. ಅವಳು ಬಾಗಿಲಲ್ಲಿ ನಿಂತು ನೋಡಿದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಕೆಳಗೆ ಹೋದಳು. ಬಹುಶಃ ಚಹಾ ಉಕ್ಕುತ್ತಿತ್ತು.

ಮರುದಿನ ಎಂಟೂವರೆಗೆ ಮಾಪಕ ನೋಡಿದೆ. ನಮ್ಮೂರಿಗಾದರೆ ಒಂದು ತಿಂಗಳ ಮಳೆ ಅದರಲ್ಲಿತ್ತು. ಸೇವಾವಧಿಯಲ್ಲಿ ಬರೆಯಲು ಸಿಗದ ಅಂಕಿ. ಅದನ್ನು ಯಾರಿಗಾದರೂ ತೋರಿಸಬೇಕೆಂದು ತಿರುಗಿದರೆ, ಗಿರಿಜ ಪ್ಲಾಸ್ಟಿಕ್ ಹಾಳೆ ತೊಳೆಯುತ್ತ ಕೂತಿದ್ದಳು.

“ಅಲ್ಲ ಅಣ್ಣ, ಎಂಟೂವರೆಗೆ ಡಬ್ಬ ನೋಡ್ತಿದ್ದೆ, ಸರಿ. ಅದರಲ್ಲಿ ಇರೋದು ನಿನ್ನೆ ಮಳೆ ತಾನೇ? ಯಾವತ್ತಾದ್ರೂ ಮೇಲೆ ನೋಡ್ತಿದ್ದೆಯಾ?”

ನಿಯಮಾವಳಿಯಲ್ಲಿ ಅದಕ್ಕೆ ಅವಕಾಶವಿರಲಿಲ್ಲ ಎಂದೆ.

ಫೋರ್ಟ್

ಮೂರು ಡಬ್ಬಗಳೊಂದಿಗೆ ಫೋರ್ಟಿಗೆ ಹೋದೆವು. ಶೆಟ್ಟರ ಗಲ್ಲಾದ ಹಿಂದಿನ ಗೋಡೆಯ ಮೇಲೆ ಪಂಚಾಂಗವಿರಲಿಲ್ಲ. ಸಮುದ್ರದ ಭರತಿ ಯಾವ ದಿನ ಎಷ್ಟು ಹೊತ್ತಿಗೆ ಎಂಬ ಪಟ್ಟಿಯಿತ್ತು. ನಮ್ಮಲ್ಲಿ ರಾಹುಕಾಲ ನೋಡಿ ಮನೆಯಿಂದ ಹೊರಡುವಂತೆ ಇಲ್ಲಿಯವರು ಮಳೆಗಾಲದಲ್ಲಿ ಭರತಿ ನೋಡಿ ಹೊರಡುತ್ತಾರೆ. ಜೋರು ಮಳೆಯೂ ಭರತಿಯೂ ಒಂದೇ ಗಳಿಗೆಯಲ್ಲಿ ಕೂಡಿದರೆ ಚರಂಡಿಯ ನೀರಿಗೆ ಹೋಗಲು ದಾರಿಯಿಲ್ಲ, ರಸ್ತೆಗೇ ಬರುತ್ತದೆ. ರಾಹುವಿಗೆ ಶಾಂತಿ ಮಾಡಿಸಬಹುದು. ಇದಕ್ಕೆ ಮನೆಯಲ್ಲಿರುವುದೊಂದೇ ಪರಿಹಾರ.

ಶೆಟ್ಟರು ಮೂರೂ ಡಬ್ಬ ತೆರೆದು ನೋಡಿ, ನಾಲ್ಕನೆಯದಕ್ಕಾಗಿ ನಮ್ಮ ಹಿಂದೆ ನೋಡಿದರು. ಅದು ಮಳೆಗೆ ಸಿಕ್ಕಿತು ಎಂದಳು ಗಿರಿಜ.

“ಜೂನಿನಲ್ಲಿ ಯಾರಾದ್ರೂ ಸಂಡಿಗೆ ಹಾಕ್ತಾರಾ ಮಾರಾಯ್ರೆ? ನಮ್ಮ ಊರಲ್ಲಿ ಮೇ ಮುಗಿಯುವಾಗ ಚಾಪೆ ಸಹ ಹೊರಗೆ ಹಾಕುದಿಲ್ಲ.”

“ನನ್ನದೇ ತಪ್ಪು” ಎಂದಳು.

ನಾನು ಕಾಫಿ ಕುಡಿಯುತ್ತಿದ್ದೆ. ಲೋಟ ಕೆಳಗಿಟ್ಟು, ನಾಲ್ಕು ದಿನ ಮಳೆಯಿಲ್ಲ ಎಂದು ಹೇಳಿದವನು ನಾನು, ಅವಳು ನಂಬಿದ್ದಷ್ಟೇ ಎಂದೆ. ಶೆಟ್ಟರು ನನ್ನ ಉದ್ಯೋಗ ವಿಚಾರಿಸಿದರು. ಹೇಳಿದೆ. ಅವರು ನಗಲಿಲ್ಲ, ಅದು ನಕ್ಕದ್ದಕ್ಕಿಂತ ಕಷ್ಟವಾಯಿತು. ಆಮೇಲೆ ಗಿರಿಜಳಿಗೆ ನಿಧಾನವಾಗಿ ತಿಳಿಸಿದರು: ಈ ಮೂರನ್ನು ಮಾಡುವವರು ಬೇಕಾದಷ್ಟು ಜನ ಇದ್ದಾರೆ, ತೆಗೆದುಕೊಳ್ಳುತ್ತೇನೆ. ಬೋರ್ಡಿನ ಮೇಲೆ ಹೆಸರು ಬರೆಯುವುದು ಅರಳು ಸಂಡಿಗೆಗೆ. ಶ್ರಾವಣ ಬಂದರೆ ಮೀನು ಬಿಟ್ಟವರೆಲ್ಲ ಊಟಕ್ಕೆ ಇಲ್ಲಿಗೇ ಬರುತ್ತಾರೆ. ಅಷ್ಟರೊಳಗೆ ಕೊಟ್ಟರೆ ಸರಿ, ಇಲ್ಲದಿದ್ದರೆ ಊರಿನಿಂದ ಬೇರೆ ಏನಾದರೂ ತರಿಸಬೇಕಾಗುತ್ತದೆ.

ಹೊರಡುವಾಗ ಗಿರಿಜ ಬಾಗಿಲ ಬಳಿಯ ಬೋರ್ಡನ್ನು ನೋಡಿದಳು. ಅದರ ಮೇಲೆ ಪೂರಿ ಭಾಜಿ ಎಂದಿತ್ತು.

ಮತ್ತೆ ಟೆರೇಸ್

ಜುಲೈಯನ್ನು ಬರೆಯಲು ನೋಟ್‌ಬುಕ್ಕನ್ನು ಅಡ್ಡ ತಿರುಗಿಸಬೇಕಾಯಿತು. ಮಾಪಕ ಎರಡು ಸಲ ತುಂಬಿ ಹೊರಚೆಲ್ಲಿತು. ದಾದರಿನಲ್ಲಿ ಸಿಕ್ಕವನು ವಿಷಯ ತಿಳಿದವನಾಗಿದ್ದ. ಉಪ್ಪು ನೀರಾಯಿತು, ಬೆಂಕಿಪೆಟ್ಟಿಗೆ ಮೆತ್ತಗಾಯಿತು, ನನ್ನ ಚರ್ಮದ ಬೆಲ್ಟಿನ ಮೇಲೆ ಹಸಿರು ಮೂಡಿತು. ನಮ್ಮೂರ ಹೊಲಗಳಲ್ಲಿ ಆ ವರ್ಷ ಅಷ್ಟು ಹಸಿರು ಇತ್ತೋ ಇಲ್ಲವೋ. ಬಟ್ಟೆಗಳು ಫ್ಯಾನಿನ ಕೆಳಗೆ ಹಗ್ಗದ ಮೇಲೆ ನೇತಾಡುತ್ತಿದ್ದವು. ನಾವು ಅವುಗಳ ನಡುವೆ ಬಾಗಿ, ಒಬ್ಬರಿಗೊಬ್ಬರು ದಾರಿ ಕೇಳಿಕೊಂಡು ಓಡಾಡಿದೆವು. ಯಾರೂ ಮಳೆಯ ಬಗ್ಗೆ ದೂರಲಿಲ್ಲ. ಎಲ್ಲರೂ ಆಫೀಸಿಗೆ ಹೋದರು, ಒದ್ದೆಯಾದರು, ಬಂದರು. ನಮ್ಮಲ್ಲಿ ನಾಲ್ಕು ಹನಿ ಬಿದ್ದರೆ ಕಚೇರಿಯ ಅರ್ಧ ಜನ ಕಿಟಕಿಗೆ ಬರುತ್ತಿದ್ದೆವು.

ಶ್ರಾವಣಕ್ಕೆ ಐದು ದಿನವಿದ್ದಾಗ ಟೆರೇಸಿನ ಒಂದು ಮೂಲೆ ಸೋರುತ್ತಿದೆಯೆಂದು ಹನಮಂತನನ್ನು ಕರೆಸಿದರು. ಅವನು ತಾಡಪತ್ರಿ ಕಟ್ಟಿ ಮುಗಿಸಿ, ಗಿರಿಜಳಿಗೆ ಹೇಳಿದ: “ಅಕ್ಕಾರ, ನಾಳಿಂದ ಉಘಡೀಪ್ ಬರತೈತ್ರಿ. ಎರಡೂವರಿ ದಿನ ಸಿಗತೈತಿ. ನಿಮ್ಮ ಸಂಡಿಗಿ ಹಾಕೋದಿದ್ರ ಹಾಕ್ರಿ.”

ಮಳೆಗಾಲದ ನಡುವೆ ಮಳೆ ಬಿಡುವು ಕೊಡುವುದಕ್ಕೆ ಮರಾಠಿಯಲ್ಲಿ ಉಘಡೀಪ್ ಎನ್ನುತ್ತಾರಂತೆ. ಆ ಬೆಳಿಗ್ಗೆಯಷ್ಟೇ ನನ್ನ ಮಾಪಕ ಕಂಠದವರೆಗೆ ತುಂಬಿತ್ತು. ಒಮ್ಮೆ ಸುಟ್ಟುಕೊಂಡವನಾಗಿದ್ದರಿಂದ, ಯಾರೂ ಕೇಳದಿದ್ದರೂ ನನ್ನ ಅಭಿಪ್ರಾಯ ಕೊಟ್ಟೆ: ನಿಲ್ಲುವ ಲಕ್ಷಣವೇ ಇಲ್ಲ, ಇನ್ನೂ ನಾಲ್ಕು ದಿನ ಮಳೆ ಖಂಡಿತ. ಈ ಸಲ ಅಂಕಿಯ ಆಧಾರವಿತ್ತು.

ಗಿರಿಜ ಹನಮಂತನ ಆಧಾರ ಕೇಳಿದಳು. ಅವನು ಕೈ ಎತ್ತಿ ತೋರಿಸಿದ. “ಗುಡ್ಡದ ನೆತ್ತಿ ಕಾಣಾಕತ್ತೇತಲ್ರಿ. ಎಂಟ್ ದಿನ ಆತು ಕಂಡಿದ್ದಿಲ್ಲ.”

ಕಾಣುತ್ತಿತ್ತು. ಒಂದೂವರೆ ತಿಂಗಳಿನಿಂದ ದಿನಾ ಅದೇ ಟೆರೇಸಿಗೆ ಬಂದರೂ ಅಲ್ಲಿ ಒಂದು ಗುಡ್ಡಕ್ಕೆ ನೆತ್ತಿಯಿದೆ ಎಂಬುದನ್ನು ನಾನು ಗಮನಿಸಿರಲಿಲ್ಲ. ಗಿರಿಜ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

“ಅಣ್ಣಾ, ನೀನು ಬೂದುಗುಂಬಳ ತುರಿ” ಎಂದಳು.

ತುರಿದೆ. ಮರುದಿನ ಬಿಸಿಲು ಬಂತು. ಅದರ ಮರುದಿನವೂ ಬಂತು. ಮಳೆ ಬರುವುದಿಲ್ಲ ಎಂದಾಗ ಬಂದದ್ದು, ಬರುತ್ತದೆ ಎಂದಾಗ ಬಾರದ್ದು, ಎರಡೂ ದಿಕ್ಕಿನಲ್ಲಿ ತಪ್ಪಿದ ಅನುಭವ ಈಗ ನನ್ನದಾಗಿತ್ತು. ಇಷ್ಟು ಪೂರ್ಣವಾದ ಅನುಭವ ಸೇವೆಯಲ್ಲಿದ್ದಾಗ ದೊರೆತಿರಲಿಲ್ಲ. ನಾನು ಕುರ್ಚಿ ಹಾಕಿಕೊಂಡು ಕಾಗೆ ಓಡಿಸುತ್ತ ಕಾವಲು ಕೂತೆ. ಮೂರನೇ ದಿನ ಹನ್ನೆರಡಕ್ಕೆ ಹನಮಂತ ಬಂದು, ಇನ್ನೊಂದು ತಾಸು ಮಾತ್ರ ಎಂದ. ಗುಡ್ಡದ ನೆತ್ತಿ ಹೋಗಿತ್ತು. ಎಲ್ಲವನ್ನೂ ಬಾಚಿಕೊಂಡು ಕೆಳಗೆ ಬಂದೆವು.

ಆದರೆ ಒಣಗಿದ ಸಂಡಿಗೆಯನ್ನು ಮೊರದಲ್ಲಿ ಅಲ್ಲಾಡಿಸಿದರೆ ಗಲಗಲ ಎನ್ನಬೇಕು. ಇದು ದಬದಬ ಎಂದಿತು. ಗಿರಿಜ ಮೊರವನ್ನು ಕೆಳಗಿಟ್ಟಳು. ಅದಕ್ಕೂ ಹನಮಂತನಲ್ಲಿ ಉಪಾಯವಿತ್ತು. ಹಿಂದಿನ ಗಲ್ಲಿಯಲ್ಲಿ ಪಾವ್ ಮಾಡುವ ಬೇಕರಿಯಿದೆ. ಕಟ್ಟಿಗೆಯ ಭಟ್ಟಿ. ಅದರ ನೆತ್ತಿಯ ಮೇಲಿನ ಅಟ್ಟ ಮಳೆಗಾಲದುದ್ದಕ್ಕೂ ಬೆಚ್ಚಗಿರುತ್ತದೆ. ಅವನೂ ಅವನ ಊರವರೂ ಬಟ್ಟೆ ಒಣಗಿಸುವುದು ಅಲ್ಲೇ. ಆ ದಿನ ಬಟ್ಟೆಗಳು ಕೆಳಗಿಳಿದು ಸಂಡಿಗೆ ಮೇಲೇರಿತು. ಮರುದಿನ ಬೆಳಿಗ್ಗೆ ಗಲಗಲ ಎಂದಿತು.

ಸಾಂತಾಕ್ರೂಜ್

ನಾಲ್ಕನೇ ಡಬ್ಬವನ್ನು ಮೂರು ಪ್ಲಾಸ್ಟಿಕ್ ಚೀಲಗಳಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಲೋಕಲ್‌ನಲ್ಲಿ ಕೂತೆವು. ಸಾಂತಾಕ್ರೂಜ್‌ನಲ್ಲಿ ಅದು ನಿಂತಿತು. ಮುಂದೆ ಹಳಿಯ ಮೇಲೆ ನೀರು. ಮಳೆ ಕಿಟಕಿಯ ಶಟರಿನ ಸಂದಿಯಿಂದ ಒಳಗೆ ಬರುತ್ತಿತ್ತು. ಗಿರಿಜ ಡಬ್ಬವನ್ನು ಸೆರಗಿನೊಳಗೆ ಎಳೆದುಕೊಂಡಳು.

ಬೋಗಿಯಲ್ಲಿ ಯಾರೂ ಗಾಬರಿಯಾಗಲಿಲ್ಲ. ಒಬ್ಬರು ಶೇಂಗಾ ಹಂಚಿದರು, ಇಬ್ಬರು ನಿಂತಲ್ಲೇ ನಿದ್ದೆ ಹೋದರು. ಎದುರಿನ ಹೆಂಗಸು ಡಬ್ಬದಲ್ಲೇನಿದೆ ಎಂದು ಕೇಳಿ, ಸಂಡಿಗೆ ಎಂದು ತಿಳಿದ ಮೇಲೆ ಡಬ್ಬಕ್ಕೆ ಗಾಳಿ ತಾಗದಂತೆ ತನ್ನ ಛತ್ರಿಯನ್ನು ಅಡ್ಡ ಹಿಡಿದಳು. ಒಂದು ಗಂಟೆ ಕಳೆಯಿತು. ವಾಪಸು ಹೋಗೋಣ, ನಾಳೆ ಬರೋಣ ಎಂದು ನಾನು ಸೂಚಿಸಿದೆ.

“ನಾಳೆ ಶ್ರಾವಣ” ಎಂದಳು. ಆಮೇಲೆ ಪಕ್ಕದವನನ್ನು ಮರಾಠಿಯಲ್ಲಿ ಭರತಿ ಎಷ್ಟಕ್ಕೆ ಇಳಿಯುತ್ತದೆ ಎಂದು ಕೇಳಿದಳು. ಅವನು ಗಡಿಯಾರ ನೋಡದೆ ಹೇಳಿದ. ಇನ್ನು ಮುಕ್ಕಾಲು ಗಂಟೆ ಕೂತಿರು ಎಂದು ನನಗೆ ಆಜ್ಞೆಯಾಯಿತು. ಕೂತೆ. ಮುಕ್ಕಾಲು ಗಂಟೆಗೆ ಐದು ನಿಮಿಷ ಹೆಚ್ಚಾದಾಗ ಗಾಡಿ ಚಲಿಸಿತು.

ಶೆಟ್ಟರು ಎರಡು ಸಂಡಿಗೆ ಕರಿಸಿ, ಒಂದನ್ನು ಮೂಗಿನ ಬಳಿ ಹಿಡಿದರು.

“ಸ್ವಲ್ಪ ಪಾವಿನ ವಾಸನೆ ಬರ್ತದಲ್ಲ, ಗಿರಿಜಕ್ಕ?”

“ಬರುತ್ತೆ. ಜುಲೈ ಸಂಡಿಗೆ ಹಾಗೇ.”

ಅವರು ತಿಂದರು. ಎರಡನೆಯದನ್ನೂ ತಿಂದರು. ಎದ್ದು ಹೋಗಿ ಬೋರ್ಡಿನ ಪೂರಿ ಭಾಜಿಯನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಬೋರ್ಡು ಒಣಗಲಿಲ್ಲ. ಜುಲೈಯಲ್ಲಿ ಯಾವುದೂ ಬೇಗ ಒಣಗುವುದಿಲ್ಲ. ಗಿರಿಜ ತನ್ನ ಸೆರಗಿನಿಂದ ಇನ್ನೊಮ್ಮೆ ಒರೆಸಿ, ಒಂದು ಹೆಜ್ಜೆ ಹಿಂದೆ ಸರಿದು ನಿಂತಳು. ಶೆಟ್ಟರು ಬರೆದು ಮುಗಿಸುವ ತನಕ ಅಲ್ಲಿಂದ ಕದಲಲಿಲ್ಲ.

ನಮ್ಮೂರು

ನಾನು ಊರಿಗೆ ಮರಳಿದ ಮೇಲೆ, ಆಗಸ್ಟ್ ಕೊನೆಗೆ ಗಿರಿಜಳ ಫೋನ್ ಬಂತು. ಡಬ್ಬ ಖಾಲಿಯಾಗಿದೆ, ಬೋರ್ಡಿನ ಮೇಲೆ ಹೆಸರು ಹಾಗೇ ಇದೆ, ಬರುವ ವರ್ಷ ಏಪ್ರಿಲ್‌ನಲ್ಲೇ ಶುರು ಮಾಡಬೇಕಂತೆ. ಹನಮಂತ ನನ್ನನ್ನು ಕೇಳಿದನಂತೆ. ಮಳೆಯ ಸಾಹೇಬರು ಮತ್ತೆ ಯಾವಾಗ ಬರುತ್ತಾರೆ, ಮೊದಲೇ ತಿಳಿಸಿದರೆ ತಾಡಪತ್ರಿ ತಂದಿಡುತ್ತೇನೆ ಎಂದನಂತೆ.

“ಅಲ್ಲಿ ಮಳೆ ಬರೋ ಹಾಗಿದೆಯಾ ಅಣ್ಣ?”

ಸ್ವಲ್ಪ ತಡಿ ಎಂದು ಫೋನ್ ಹಿಡಿದುಕೊಂಡೇ ಅಂಗಳಕ್ಕೆ ಹೋದೆ. ಪಕ್ಕದ ಮನೆಯ ಒಲೆಯ ಹೊಗೆ ಎತ್ತ ಹೋಗುತ್ತಿದೆ ಎಂದು ನೋಡಿದೆ. ಊರಾಚೆಯ ಬೆಟ್ಟದ ನೆತ್ತಿ ನೋಡಿದೆ. ಕುತ್ತಿಗೆ ನೋಯುವಷ್ಟು ಹೊತ್ತು ಮೇಲೆ ನೋಡಿದೆ.

“ಇಲ್ಲ” ಎಂದೆ.

“ನೋಡಿ ಹೇಳ್ತಿದ್ದೀಯಾ?”

“ನೋಡಿಯೇ.”